ಒಂದೇ ಎಳೆಯಲ್ಲಿ ಹಲವು ಬಣ್ಣದ ಬೆಳಕು ಹೋಗುವಾಗ ಅವು ಬೆರೆತುಹೋಗುವುದಿಲ್ಲವೇಕೆ?

ವಿಜ್ಞಾನ ಶಿಕ್ಷಕಿ, ತಿಪಟೂರು:

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಗೆ ಬೆಳಕಿನ ಪಾಠ ಮಾಡುವಾಗ ಗಾಜಿನ ಪಟ್ಟಕದಲ್ಲಿ ಬಿಳಿ ಬೆಳಕು ಬಣ್ಣಗಳಾಗಿ ಬಿಡಿಸಿಕೊಳ್ಳುವುದನ್ನು ತೋರಿಸಿ, ಸಂಪೂರ್ಣ ಆಂತರಿಕ ಪ್ರತಿಫಲನಕ್ಕೆ ಉದಾಹರಣೆಯಾಗಿ ಫೈಬರ್ ಕೇಬಲ್ಲಿನ ವಿಷಯವನ್ನೂ ಹೇಳಿದೆ. ಆಗ ಒಬ್ಬ ವಿದ್ಯಾರ್ಥಿನಿ, ತಮ್ಮ ಮನೆಗೆ ಬಂದಿರುವ ಫೈಬರಿನಲ್ಲಿ ಇರುವುದು ಒಂದೇ ಎಳೆ, ಅದರಲ್ಲೇ ನಾವು ಕಳಿಸುವುದೂ ಹೋಗುತ್ತದೆ, ನಮಗೆ ಬರುವುದೂ ಬರುತ್ತದೆ, ಹಾಗಿದ್ದರೆ ನಡುದಾರಿಯಲ್ಲಿ ಎರಡೂ ಡಿಕ್ಕಿಯಾಗುವುದಿಲ್ಲವೇ ಎಂದು ಕೇಳಿದಳು. ಬೇರೆ ಬೇರೆ ಬಣ್ಣದ ಬೆಳಕನ್ನು ಬಳಸುತ್ತಾರೆ ಎಂದು ಉತ್ತರಿಸಿದೆನಾದರೂ, ಆ ಉತ್ತರದಿಂದ ನನಗೇ ಸಮಾಧಾನವಾಗಲಿಲ್ಲ. ಬಣ್ಣ ಬೇರೆಯಾದ ಮಾತ್ರಕ್ಕೆ ಬೆಳಕು ಬೆರೆಯದಿರುವುದು ಏಕೆ, ಕೂದಲಿನಷ್ಟು ತೆಳುವಾದ ಎಳೆಯಲ್ಲಿ ಎಷ್ಟು ಬಣ್ಣಗಳನ್ನು ತುಂಬಬಹುದು, ತುಂಬಿದ್ದನ್ನು ಆ ಕಡೆಯಲ್ಲಿ ಬಿಡಿಸುವುದು ಹೇಗೆ ಎಂಬುದನ್ನು ಈ ಕೆಲಸದಲ್ಲಿರುವವರು ವಿವರಿಸಿದರೆ ಮುಂದಿನ ವಾರ ಮಕ್ಕಳಿಗೆ ಸರಿಯಾಗಿ ಹೇಳುತ್ತೇನೆ.

ನಿವೃತ್ತ ಪ್ರಸರಣ ಇಂಜಿನಿಯರ್, ಮೈಸೂರು:

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಮನೆಯಿಂದಲೇ ಆರಂಭಿಸೋಣ. ಮನೆಗಳಿಗೆ ಸಾಮಾನ್ಯವಾಗಿ ಬರುವ, ಜಿಪಾನ್ ಎಂದು ಕರೆಯುವ ಫೈಬರ್ ವ್ಯವಸ್ಥೆಯಲ್ಲಿ ಎಕ್ಸ್‌ಚೇಂಜಿನಿಂದ ಮನೆಯ ಕಡೆಗೆ ಬರುವ ಬೆಳಕಿನ ತರಂಗಾಂತರ 1490 ನ್ಯಾನೊಮೀಟರ್, ಮನೆಯಿಂದ ಎಕ್ಸ್‌ಚೇಂಜಿಗೆ ಹೋಗುವ ಬೆಳಕಿನದು 1310 ನ್ಯಾನೊಮೀಟರ್. ಎರಡೂ ಅವಗೆಂಪು, ಕಣ್ಣಿಗೆ ಕಾಣುವುದಿಲ್ಲ. ಎದುರುಬದುರಾಗಿ ಬಂದ ಎರಡು ಬೆಳಕುಗಳು ಎದುರುಬದುರಾಗಿ ಬಂದ ಎರಡು ಬಸ್ಸುಗಳಂತೆ ಡಿಕ್ಕಿ ಹೊಡೆಯುವುದಿಲ್ಲ. ಕತ್ತಲ ಕೋಣೆಯಲ್ಲಿ ಎರಡು ಟಾರ್ಚುಗಳ ಬೆಳಕನ್ನು ಅಡ್ಡಡ್ಡ ಹಾಯಿಸಿದರೆ ಒಂದು ಇನ್ನೊಂದನ್ನು ತಳ್ಳುವುದಿಲ್ಲವಲ್ಲ, ಹಾಗೆಯೇ ಅವು ಒಂದರೊಳಗೊಂದು ಹಾದು ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಮನೆಯ ಪೆಟ್ಟಿಗೆಯೊಳಗಿರುವ ಒಂದು ಸಣ್ಣ ಶೋಧಕವು 1490ರ ಬೆಳಕನ್ನು ಮಾತ್ರ ಗ್ರಾಹಕದ, ಅಂದರೆ ಬೆಳಕನ್ನು ಹಿಡಿದು ಸಂಕೇತವನ್ನು ಓದುವ ಭಾಗದ, ಕಡೆಗೆ ತಿರುಗಿಸುತ್ತದೆ.

ಊರಿಂದ ಊರಿಗೆ ಹೋಗುವ ದೊಡ್ಡ ಮಾರ್ಗಗಳಲ್ಲಿ ಇದೇ ಉಪಾಯವನ್ನು ಬಹಳ ಬಿಗಿಯಾಗಿ ಮಾಡುತ್ತಾರೆ. ಅಲ್ಲಿ ಬಣ್ಣಗಳ ನಡುವಿನ ಅಂತರ 180 ನ್ಯಾನೊಮೀಟರ್ ಅಲ್ಲ, ಸುಮಾರು 0.8 ಅಥವಾ 0.4 ನ್ಯಾನೊಮೀಟರ್ ಮಾತ್ರ. ಯಾರು ಯಾವ ಬಣ್ಣವನ್ನು ಬಳಸಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಂದು ಅಳತೆಪಟ್ಟಿಯನ್ನು ಮಾಡಿದೆ. ಅದರಲ್ಲಿ ಬಣ್ಣವನ್ನು ಬೆಳಕಿನ ಆವರ್ತನದಿಂದ ಗುರುತಿಸುತ್ತಾರೆ. ಅದರ ಆಧಾರಬಿಂದು 193.1 ಟೆರಾಹರ್ಟ್ಸ್, ತರಂಗಾಂತರದಲ್ಲಿ ಹೇಳುವುದಾದರೆ ಸುಮಾರು 1552.52 ನ್ಯಾನೊಮೀಟರ್. ಅಲ್ಲಿಂದ ಎರಡೂ ಕಡೆಗೆ 100 ಅಥವಾ 50 ಗಿಗಾಹರ್ಟ್ಸ್‌ಗೊಂದರಂತೆ, ಅಂದರೆ ಮೇಲೆ ಹೇಳಿದ 0.8 ಅಥವಾ 0.4 ನ್ಯಾನೊಮೀಟರಿಗೊಂದರಂತೆ, ಬಣ್ಣಗಳು ಕೂರುವ ಮನೆಗಳನ್ನು ಗುರುತಿಸಿದ್ದಾರೆ. ಸಿ ಬ್ಯಾಂಡ್ ಎಂದು ನಾವು ಕರೆಯುವ 1530ರಿಂದ 1565 ನ್ಯಾನೊಮೀಟರಿನ ಪಟ್ಟಿಯೊಳಗೆ 50 ಗಿಗಾಹರ್ಟ್ಸ್ ಅಂತರದಲ್ಲಿ 80 ಬಣ್ಣಗಳು ಆರಾಮವಾಗಿ ಹಿಡಿಸುತ್ತವೆ. ನಾವು ಮಾತಿನಲ್ಲಿ ಅವನ್ನು ಬಣ್ಣ ಎನ್ನುವುದಿಲ್ಲ, ಲ್ಯಾಂಬ್ಡಾ ಎನ್ನುತ್ತೇವೆ. ‘ಆ ಮಾರ್ಗದಲ್ಲಿ ಎಷ್ಟು ಲ್ಯಾಂಬ್ಡಾ ಖಾಲಿ ಇದೆ’ ಎಂದು ಕೇಳುವುದು ನಮ್ಮಲ್ಲಿ ದಿನನಿತ್ಯದ ಮಾತಾಗಿತ್ತು.

ಸೇರಿಸುವ ಮತ್ತು ಬಿಡಿಸುವ ಸಾಧನಕ್ಕೆ ಮಕ್ಸ್, ಡೀಮಕ್ಸ್ ಎಂದು ಹೆಸರು. ನಿಮ್ಮ ಪಟ್ಟಕ ಮಾಡುವ ಕೆಲಸವನ್ನೇ ಅದು ಮಾಡುತ್ತದೆಯಾದರೂ 0.4 ನ್ಯಾನೊಮೀಟರಿನ ಸೂಕ್ಷ್ಮಕ್ಕೆ ಗಾಜಿನ ಪಟ್ಟಕ ಸಾಲದು. ಬದಲಿಗೆ ಒಂದು ಚಿಪ್ಪಿನ ಮೇಲೆ ಹತ್ತಾರು ಬೆಳಕಿನ ಕಾಲುವೆಗಳನ್ನು ಕೊರೆದು, ಪ್ರತಿಯೊಂದು ಕಾಲುವೆಯೂ ಪಕ್ಕದ್ದಕ್ಕಿಂತ ಒಂದೇ ಪ್ರಮಾಣದಲ್ಲಿ ಉದ್ದವಾಗಿರುವಂತೆ ಮಾಡುತ್ತಾರೆ. ಕಾಲುವೆಗಳನ್ನು ದಾಟಿ ಬಂದ ಅಲೆಗಳು ಮತ್ತೆ ಕೂಡಿದಾಗ ಪ್ರತಿಯೊಂದು ಬಣ್ಣಕ್ಕೂ ಅಲೆಗಳ ಏರಿಳಿತ ಒಂದಾಗುವ ಜಾಗ ಬೇರೆಯಾಗುವುದರಿಂದ, ಒಂದೊಂದು ಬಣ್ಣವೂ ತನ್ನದೇ ಬಾಗಿಲಿನಿಂದ ಹೊರಗೆ ಬೀಳುತ್ತದೆ. ಈ ವಿನ್ಯಾಸವನ್ನು 1988ರಲ್ಲಿ ನೆದರ್ಲೆಂಡ್ಸಿನ ಮೈಂಟ್ ಸ್ಮಿಟ್ ಮುಂದಿಟ್ಟರು.

ಇನ್ನೊಂದು ಕಷ್ಟ ಕಳಿಸುವ ಕಡೆಯಲ್ಲಿದೆ. ಲೇಸರಿನ ಬಣ್ಣವು ಅದರ ಉಷ್ಣತೆಯ ಜೊತೆಗೆ ಜಾರುತ್ತದೆ; ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 0.1 ನ್ಯಾನೊಮೀಟರ್. ಅಂದರೆ ಕೋಣೆಯ ಬಿಸಿ ನಾಲ್ಕು ಡಿಗ್ರಿ ಹೆಚ್ಚಾದರೆ ಲೇಸರು ಪಕ್ಕದ ಮನೆಯೊಳಗೆ ಹೋಗಿ ಕುಳಿತಿರುತ್ತದೆ. ಆದ್ದರಿಂದ ಪ್ರತಿಯೊಂದು ಲೇಸರಿನ ಕೆಳಗೂ ಒಂದು ಪುಟ್ಟ ವಿದ್ಯುತ್ ಶೀತಕವನ್ನಿಟ್ಟು ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತಾರೆ. ಊರೊಳಗಿನ ಸಣ್ಣ ಮಾರ್ಗಗಳಿಗೆ ಅಷ್ಟು ಖರ್ಚು ಬೇಡವೆಂದೇ 20 ನ್ಯಾನೊಮೀಟರ್ ಅಂತರದ, 1271ರಿಂದ 1611ರವರೆಗೆ 18 ಬಣ್ಣಗಳ ಇನ್ನೊಂದು ಅಳತೆಪಟ್ಟಿಯೂ ಇದೆ. ಅಲ್ಲಿ ಲೇಸರು ನಾಲ್ಕೈದು ನ್ಯಾನೊಮೀಟರ್ ಜಾರಿದರೂ ತನ್ನ ಮನೆಯೊಳಗೇ ಉಳಿಯುತ್ತದೆ.

ವಿಜ್ಞಾನ ಶಿಕ್ಷಕಿ, ತಿಪಟೂರು:

ಸರ್, ಬಹಳ ಉಪಕಾರವಾಯಿತು. ಒಂದು ಅನುಮಾನ ಉಳಿಯಿತು. ಬಣ್ಣಗಳನ್ನು ಬೇರ್ಪಡಿಸುವ ತತ್ತ್ವ ನ್ಯೂಟನ್ನನ ಕಾಲದಿಂದ ಗೊತ್ತಿದೆ, ತಕ್ಕಷ್ಟು ಶುದ್ಧವಾದ ಗಾಜಿನ ಎಳೆ 1970ರಲ್ಲೇ ಬಂದಿತೆಂದು ಓದಿದ್ದೇನೆ. ಹಾಗಿದ್ದರೂ ಈ ಬಹುಬಣ್ಣದ ವ್ಯವಸ್ಥೆ 1990ರ ದಶಕದವರೆಗೆ ವ್ಯಾಪಕವಾಗಿ ಬಳಕೆಗೆ ಬರಲಿಲ್ಲವೇಕೆ?

ನಿವೃತ್ತ ಪ್ರಸರಣ ಇಂಜಿನಿಯರ್, ಮೈಸೂರು:

ಈ ಪ್ರಶ್ನೆಗೆ ಉತ್ತರ ಬಣ್ಣಗಳಲ್ಲಿಲ್ಲ, ಸೊರಗಿದ ಬೆಳಕನ್ನು ಬಲಗೊಳಿಸುವ ವರ್ಧಕದಲ್ಲಿದೆ. ನನ್ನ ಮಟ್ಟಿಗೆ ಈ ಇಡೀ ತಂತ್ರಜ್ಞಾನದ ಜೀವವೇ ಅದು.

ಗಾಜು ಎಷ್ಟೇ ಶುದ್ಧವಾಗಿರಲಿ, 1550 ನ್ಯಾನೊಮೀಟರಿನ ಸುತ್ತ ಕಿಲೋಮೀಟರಿಗೆ ಸುಮಾರು 0.2 ಡಿಬಿ (ಡೆಸಿಬೆಲ್) ಬೆಳಕನ್ನು ತಿನ್ನುತ್ತದೆ; 10 ಡಿಬಿ ನಷ್ಟವೆಂದರೆ ಬೆಳಕು ಹತ್ತನೆಯ ಒಂದು ಭಾಗಕ್ಕೆ ಇಳಿಯಿತೆಂದು ಅರ್ಥ. 80 ಕಿಲೋಮೀಟರ್ ಹೋಗುವ ಹೊತ್ತಿಗೆ 16 ಡಿಬಿ, ಅಂದರೆ ಕಳಿಸಿದ ಬೆಳಕಿನ ನಲವತ್ತನೆಯ ಒಂದು ಭಾಗ ಮಾತ್ರ ಉಳಿದಿರುತ್ತದೆ. 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಅವರು ಕಿಲೋಮೀಟರಿಗೆ 20 ಡಿಬಿಗಿಂತ ಕಡಿಮೆ ನಷ್ಟವಾಗುವ ಗಾಜು ಸಿಕ್ಕರೆ ಸಾಕು, ಸಂಪರ್ಕ ಸಾಧ್ಯ ಎಂದು ವಾದಿಸಿದ್ದನ್ನು ನೆನೆದರೆ, ಗಾಜು ಅಲ್ಲಿಂದ ಎಷ್ಟು ದೂರ ಬಂದಿದೆ ಎಂಬುದು ಗೊತ್ತಾಗುತ್ತದೆ. ಆದರೂ ನಡುನಡುವೆ ಬೆಳಕನ್ನು ಮತ್ತೆ ಎತ್ತಿ ನಿಲ್ಲಿಸಲೇಬೇಕು.

ಹಿಂದೆ ಅದನ್ನು ಮಾಡುತ್ತಿದ್ದುದು ಪುನರುತ್ಪಾದಕ. ಅದು ಬೆಳಕನ್ನು ವಿದ್ಯುತ್ತಾಗಿ ಬದಲಿಸಿ, ಸವೆದ ಸಂಕೇತವನ್ನು ತಿದ್ದಿ, ಹೊಸ ಲೇಸರಿನಿಂದ ಮತ್ತೆ ಬೆಳಕಾಗಿಸಿ ಮುಂದಕ್ಕೆ ಕಳಿಸುತ್ತಿತ್ತು. ಒಂದೇ ಬಣ್ಣವಿದ್ದಾಗ ಇದು ಸರಿ. ಸಾವಿರ ಕಿಲೋಮೀಟರಿನ ಒಂದು ಮಾರ್ಗದಲ್ಲಿ 80 ಕಿಲೋಮೀಟರಿಗೊಂದು ಠಾಣೆ ಎಂದರೆ ನಡುವೆ 12 ಠಾಣೆಗಳಾಗುತ್ತವೆ. ಅದರಲ್ಲಿ 16 ಬಣ್ಣ ಹಾಯಿಸಿದರೆ ಪ್ರತಿಯೊಂದು ಠಾಣೆಯಲ್ಲೂ ಹದಿನಾರನ್ನೂ ಬಿಡಿಸಿ, ಹದಿನಾರು ಪುನರುತ್ಪಾದಕಗಳನ್ನಿಟ್ಟು, ಮತ್ತೆ ಕೂಡಿಸಬೇಕು. ಒಂದು ದಿಕ್ಕಿಗೆ 192 ಪೆಟ್ಟಿಗೆಗಳಾದವು. ಅದಕ್ಕಿಂತ ಹೊಸ ಎಳೆಯನ್ನು ಬಳಸಿಕೊಳ್ಳುವುದೇ ಅಗ್ಗವಾಗಿತ್ತು. 1988ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೊದಲ ಫೈಬರ್ ಕೇಬಲ್ಲಾದ ಟ್ಯಾಟ್-8 ಕೂಡ ಸಮುದ್ರದಡಿಯಲ್ಲಿ ಪುನರುತ್ಪಾದಕಗಳನ್ನಿಟ್ಟುಕೊಂಡು, ಒಂದು ಜೋಡಿ ಎಳೆಯಲ್ಲಿ ಸೆಕೆಂಡಿಗೆ 280 ಮೆಗಾಬಿಟ್ ಸಾಗಿಸುತ್ತಿತ್ತು.

1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪೇನ್ ಅವರ ತಂಡವೂ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಇಮ್ಯಾನುಯೆಲ್ ಡೆಸುರ್ವೀರ್ ಮತ್ತವರ ಜೊತೆಗಾರರೂ ಎರ್ಬಿಯಂ ವರ್ಧಕವನ್ನು ತೋರಿಸಿದರು. ಕೆಲವು ಮೀಟರ್ ಉದ್ದದ ಗಾಜಿನ ಎಳೆಯಲ್ಲಿ ಎರ್ಬಿಯಂ ಎಂಬ ಧಾತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ, 980 ಅಥವಾ 1480 ನ್ಯಾನೊಮೀಟರಿನ ಪಂಪ್ ಲೇಸರಿನಿಂದ ಅದಕ್ಕೆ ಶಕ್ತಿ ತುಂಬಿದರೆ, ಅದರೊಳಗೆ ಹಾದುಹೋಗುವ 1550ರ ಸುತ್ತಲಿನ ಬೆಳಕೆಲ್ಲವೂ ಬಲಗೊಂಡು ಹೊರಬರುತ್ತದೆ. ಬಣ್ಣ ಎಂಟಿರಲಿ, ಎಂಬತ್ತಿರಲಿ, ಅದಕ್ಕೆ ಲೆಕ್ಕವಿಲ್ಲ. ಬಿಡಿಸುವುದೂ ಬೇಡ, ವಿದ್ಯುತ್ತಾಗಿ ಬದಲಿಸುವುದೂ ಬೇಡ. ಗಾಜು ಅತಿ ಕಡಿಮೆ ಬೆಳಕನ್ನು ತಿನ್ನುವ ಪಟ್ಟಿಯೂ ಎರ್ಬಿಯಂ ಬಲ ಕೊಡುವ ಪಟ್ಟಿಯೂ ಒಂದೇ ಜಾಗದಲ್ಲಿ ಬಂದಿರುವುದು ನಿಸರ್ಗ ನಮಗೆ ಮಾಡಿದ ದೊಡ್ಡ ಉಪಕಾರವೆಂದೇ ನಾನು ಭಾವಿಸಿದ್ದೇನೆ. ನನ್ನ ಲೆಕ್ಕದ 192 ಪೆಟ್ಟಿಗೆಗಳ ಜಾಗದಲ್ಲಿ 12 ವರ್ಧಕಗಳು ಸಾಕಾದವು. 1996ರಲ್ಲಿ ಅಮೆರಿಕದ ಸಿಯೆನಾ ಕಂಪನಿಯ 16 ಬಣ್ಣದ ಯಂತ್ರ, ಬಣ್ಣಕ್ಕೆ ಸೆಕೆಂಡಿಗೆ 2.5 ಗಿಗಾಬಿಟ್‌ನಂತೆ, ಸ್ಪ್ರಿಂಟ್ ಜಾಲದಲ್ಲಿ ಕೆಲಸಕ್ಕೆ ನಿಂತಿತು.

ದ್ಯುತಿವಿಜ್ಞಾನ ಸಂಶೋಧಕಿ, ಬೆಂಗಳೂರು:

ಇಂಜಿನಿಯರ್ ಸರ್ ಬರೆದುದರಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಆದರೆ ಎರಡು ಬೆಳಕುಗಳು ಒಂದರೊಳಗೊಂದು ಏನೂ ಆಗದಂತೆ ಹಾದುಹೋಗುತ್ತವೆ ಎಂಬ ಮಾತು ಟಾರ್ಚಿಗೆ ನಿಜ, ಫೈಬರಿಗೆ ಅರ್ಧ ನಿಜ. ಮಕ್ಕಳಿಗೆ ಮೊದಲ ದಿನ ಹಾಗೆ ಹೇಳಬಹುದು. ಎರಡನೆಯ ದಿನ ಉಳಿದರ್ಧವನ್ನೂ ಹೇಳಬೇಕೆಂಬುದು ನನ್ನ ಆಗ್ರಹ.

ಒಂದೊಂದು ಬಣ್ಣಕ್ಕೆ ಒಂದು ಮಿಲಿವ್ಯಾಟ್‌ನಂತೆ ಎಂಬತ್ತು ಬಣ್ಣಕ್ಕೆ 80 ಮಿಲಿವ್ಯಾಟ್ ಎಂದಿಟ್ಟುಕೊಳ್ಳಿ. ಟಾರ್ಚಿನ ಎದುರು ಅದು ಏನೂ ಅಲ್ಲ. ಆದರೆ ಅಷ್ಟೂ ಬೆಳಕು ಒಂಬತ್ತು ಮೈಕ್ರೋಮೀಟರ್ ಅಗಲದ ತಿರುಳಿನೊಳಗೆ ಇಕ್ಕಟ್ಟಾಗಿ ಹೋಗುತ್ತದೆ. ಲೆಕ್ಕ ಹಾಕಿದರೆ ಅಲ್ಲಿನ ಬೆಳಕಿನ ಸಾಂದ್ರತೆ ನಡುಹಗಲಿನ ಬಿಸಿಲಿನ ಸುಮಾರು ಹತ್ತು ಲಕ್ಷ ಪಟ್ಟು ಬರುತ್ತದೆ. ಅಷ್ಟು ತೀವ್ರತೆಯಲ್ಲಿ ಗಾಜಿನ ವಕ್ರೀಭವನ ಸೂಚ್ಯಂಕವೇ ಬೆಳಕಿನೊಂದಿಗೆ ಅತಿ ಸ್ವಲ್ಪ ಬದಲಾಗುತ್ತದೆ, ಮತ್ತು ಆ ಅತಿ ಸ್ವಲ್ಪವು ನೂರಾರು ಕಿಲೋಮೀಟರ್ ಉದ್ದಕ್ಕೂ ಕೂಡುತ್ತಾ ಹೋಗುತ್ತದೆ. ಆಗ ಒಂದು ಬಣ್ಣ ಇನ್ನೊಂದನ್ನು ಮುಟ್ಟುತ್ತದೆ.

ಇದರ ಒಂದು ರೂಪ ನಾಲ್ಕಲೆ ಬೆರಕೆ. 193.1, 193.2, 193.3 ಟೆರಾಹರ್ಟ್ಸ್‌ನ ಮೂರು ಬಣ್ಣಗಳಿದ್ದರೆ, ಎರಡನ್ನು ಕೂಡಿಸಿ ಒಂದನ್ನು ಕಳೆದ ಜಾಗಗಳಲ್ಲಿ ಯಾರೂ ಕಳಿಸದ ಹೊಸ ಬೆಳಕು ಹುಟ್ಟುತ್ತದೆ. 193.2ರ ಇಮ್ಮಡಿಯಿಂದ 193.1 ಕಳೆದರೆ 193.3, ಅಂದರೆ ಈ ಹುಟ್ಟುಬೆಳಕು ನೇರವಾಗಿ ಮೂರನೆಯ ಬಣ್ಣದ ಮೇಲೆಯೇ ಬಂದು ಕೂರುತ್ತದೆ. ಯಾವ ಶೋಧಕವೂ ಅದನ್ನು ಬೇರ್ಪಡಿಸಲಾರದು. ಮೂರು ಬಣ್ಣಗಳಿಂದ ಒಂಬತ್ತು ಹುಟ್ಟುಬೆಳಕುಗಳು ಸಾಧ್ಯ, ನಲವತ್ತು ಬಣ್ಣಗಳಿಂದ 31,200.

ಇಲ್ಲಿ ನನಗೆ ಬಹಳ ಪ್ರಿಯವಾದ ಒಂದು ತಿರುವಿದೆ. ಗಾಜಿನಲ್ಲಿ ಬೇರೆ ಬೇರೆ ಬಣ್ಣ ಬೇರೆ ಬೇರೆ ವೇಗದಲ್ಲಿ ಹೋಗುತ್ತದೆ. ಪಟ್ಟಕದಲ್ಲಿ ವರ್ಣವಿಭಜನೆ ಆಗುವುದೂ ಇದೇ ಕಾರಣಕ್ಕೆ. ಫೈಬರಿನಲ್ಲಿ ಇದರಿಂದ ಚುಟುಕಾದ ಬೆಳಕಿನ ಮಿಡಿತ ಹೋಗುತ್ತಾ ಹೋಗುತ್ತಾ ಹಿಗ್ಗಿ, ಪಕ್ಕದ ಮಿಡಿತದ ಮೇಲೆ ಚಾಚಿಕೊಳ್ಳುತ್ತದೆ. ಇದು ಕೇಡೆಂದು ಬಗೆದು, 1550ರಲ್ಲಿ ವೇಗದ ವ್ಯತ್ಯಾಸವೇ ಸೊನ್ನೆಯಾಗುವಂಥ ವಿಶೇಷ ಎಳೆಯನ್ನು 1980ರ ದಶಕದಲ್ಲಿ ತಯಾರಿಸಿದರು. ಜಪಾನಿನಲ್ಲೂ ಇಟಲಿಯಲ್ಲೂ ಅದನ್ನು ಹೆಚ್ಚಾಗಿ ಹೂತರು. ಒಂದು ಬಣ್ಣಕ್ಕೆ ಅದು ನಿಜವಾಗಿಯೂ ಶ್ರೇಷ್ಠ ಎಳೆಯಾಗಿತ್ತು. ಹಲವು ಬಣ್ಣ ಹಾಯಿಸಲು ಹೋದಾಗ ಮಾತ್ರ ಎಲ್ಲ ಬಣ್ಣಗಳೂ ಒಂದೇ ವೇಗದಲ್ಲಿ, ಕೈಕೈ ಹಿಡಿದುಕೊಂಡಂತೆ ಸಾಗಿ, ಹುಟ್ಟುಬೆಳಕುಗಳು ಕಿಲೋಮೀಟರಿನಿಂದ ಕಿಲೋಮೀಟರಿಗೆ ಬಲಿಯುತ್ತಾ ಹೋದವು. ನಮ್ಮಲ್ಲಿ ಹೆಚ್ಚಾಗಿ ಬಳಸುವ ಸಾಮಾನ್ಯ ಎಳೆಯಲ್ಲಿ, 1550ರಲ್ಲಿ ಒಂದು ನ್ಯಾನೊಮೀಟರ್ ಬಣ್ಣಭೇದಕ್ಕೆ ಕಿಲೋಮೀಟರಿಗೆ ಸುಮಾರು 17 ಪಿಕೊಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗವೇ ಒಂದು ಪಿಕೊಸೆಕೆಂಡ್) ವ್ಯತ್ಯಾಸವಿದೆ. 0.8 ನ್ಯಾನೊಮೀಟರ್ ದೂರದ ನೆರೆಬಣ್ಣಗಳು 80 ಕಿಲೋಮೀಟರ್ ಮುಗಿಸುವಷ್ಟರಲ್ಲಿ ಒಂದಕ್ಕೊಂದು ಸುಮಾರು 1,090 ಪಿಕೊಸೆಕೆಂಡ್ ಹಿಂದುಮುಂದಾಗಿರುತ್ತವೆ. ಸೆಕೆಂಡಿಗೆ 10 ಗಿಗಾಬಿಟ್‌ನ ಸಂಕೇತದಲ್ಲಿ ಒಂದು ಬಿಟ್ಟಿಗೆ 100 ಪಿಕೊಸೆಕೆಂಡ್ ಆದ್ದರಿಂದ, ಹತ್ತು ಬಿಟ್ಟುಗಳಿಗೂ ಹೆಚ್ಚು ಅಂತರವಾಯಿತು. ಒಂದರ ಪಕ್ಕದಲ್ಲಿ ಇನ್ನೊಂದು ಹೆಚ್ಚು ಹೊತ್ತು ಇರುವುದೇ ಇಲ್ಲವಾದ್ದರಿಂದ ಬೆರಕೆಗೆ ಬಲ ಬರುವುದಿಲ್ಲ. ತೊಲಗಿಸಬೇಕೆಂದುಕೊಂಡ ವರ್ಣವಿಭಜನೆಯೇ ಹೀಗೆ ಬಣ್ಣಗಳನ್ನು ಕಾಯುವ ಬೇಲಿಯಾಯಿತು. ಬಳಿಕ ಬಂದ ಎಳೆಗಳಲ್ಲಿ ಬೇಕೆಂದೇ ಸ್ವಲ್ಪ ವರ್ಣವಿಭಜನೆಯನ್ನು ಉಳಿಸಿದರು. ಮಿಡಿತ ಹಿಗ್ಗುವುದನ್ನು ಈಗ ಗ್ರಾಹಕದ ಚಿಪ್ಪು ಲೆಕ್ಕಾಚಾರದಿಂದಲೇ ಸರಿಪಡಿಸುತ್ತದೆ.

ಇನ್ನೊಂದು ರೂಪ ನಮ್ಮ ಊರಿಗೆ ಸಂಬಂಧಪಟ್ಟದ್ದು. 1928ರ ಫೆಬ್ರವರಿ 28ರಂದು ಸಿ. ವಿ. ರಾಮನ್ ಅವರು ಕೋಲ್ಕತ್ತದಲ್ಲಿ ಕಂಡ ಪರಿಣಾಮ ಈ ಎಳೆಗಳಲ್ಲಿ ಪ್ರತಿಕ್ಷಣವೂ ನಡೆಯುತ್ತಿದೆ. ಅದರ ಬಲವಂತದ ರೂಪದಲ್ಲಿ ಕಿರುತರಂಗದ ಬಣ್ಣಗಳು ತಮ್ಮ ಶಕ್ತಿಯಲ್ಲಿ ಸ್ವಲ್ಪವನ್ನು ದೀರ್ಘತರಂಗದ ಬಣ್ಣಗಳಿಗೆ ಸುರಿಯುತ್ತವೆ, ಹಾಗಾಗಿ ಸಮನಾಗಿ ಹೊರಟ ಎಂಬತ್ತು ಬಣ್ಣಗಳು ತಲುಪುವಾಗ ಓರೆಯಾಗಿರುತ್ತವೆ. ಅದನ್ನೇ ಗುಣವಾಗಿ ತಿರುಗಿಸಿ, 1450 ನ್ಯಾನೊಮೀಟರಿನ ಸುತ್ತಲಿನ ಪಂಪ್ ಬೆಳಕನ್ನು ಎದುರುದಿಕ್ಕಿನಿಂದ ತೂರಿಸಿದರೆ, ಭೂಮಿಯಲ್ಲಿ ಹೂತಿರುವ ಎಳೆಯೇ 1550ರ ಬಣ್ಣಗಳಿಗೆ ವರ್ಧಕವಾಗುತ್ತದೆ. ರಾಮನ್ ವರ್ಧಕ ಎಂದೇ ಅದರ ಹೆಸರು. ಬೆಂಗಳೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಸ್ಪ್ಲೈಸಿಂಗ್ ಕೆಲಸಗಾರ, ಶಿರಸಿ:

ನಾನು ಓದಿದ್ದು ಐಟಿಐ. ಮೇಲಿನ ಲೆಕ್ಕಗಳು ನನಗೆ ಹೊಸವು. ಆದರೆ ಎಳೆಗಳನ್ನು ಬೆಸೆಯುವ ಕೆಲಸವನ್ನು ಒಂಬತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಮೇಡಂ ಅವರು ಮಕ್ಕಳಿಗೆ ಒಂದು ಎಚ್ಚರಿಕೆಯನ್ನು ತಪ್ಪದೆ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ತುಂಡಾದ ಕೇಬಲ್ಲಿನ ತುದಿಯನ್ನೋ ಯಂತ್ರಗಳನ್ನು ಜೋಡಿಸುವ ತುಂಡು ಫೈಬರಾದ ಪ್ಯಾಚ್ ಕಾರ್ಡಿನ ತುದಿಯನ್ನೋ ಯಾರೂ ಕಣ್ಣಿನ ಎದುರು ಹಿಡಿದು ನೋಡಬಾರದು. ಟಿವಿ ರಿಮೋಟಿನ ಬೆಳಕು ಮೊಬೈಲ್ ಕ್ಯಾಮೆರಾದಲ್ಲಿ ಕಾಣುತ್ತದೆ ಎಂಬ ಧೈರ್ಯದಿಂದ ಹೊಸ ಹುಡುಗರು ಫೈಬರಿನ ತುದಿಯನ್ನೂ ಕ್ಯಾಮೆರಾಕ್ಕೆ ಹಿಡಿದು, ಏನೂ ಕಾಣದಿದ್ದಾಗ ಬೆಳಕಿಲ್ಲವೆಂದು ತಿಳಿಯುತ್ತಾರೆ. 1550ರ ಬೆಳಕು ಮೊಬೈಲ್ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಬೆಳಕಿನ ಬಲವನ್ನು ಅಳೆಯುವ ಪವರ್ ಮೀಟರ್ ಒಂದೇ ಸತ್ಯ ಹೇಳುತ್ತದೆ.

ಹಲವು ಬಣ್ಣದ ಮಾರ್ಗವೆಂದರೆ ನಮಗೆ ಇನ್ನೊಂದು ಅರ್ಥವೂ ಇದೆ. ಮಳೆಗಾಲದಲ್ಲಿ ಘಟ್ಟದ ರಸ್ತೆಯ ಮಣ್ಣು ಕುಸಿದು ಕೇಬಲ್ ಹೋದಾಗ, ಹಿಂದೆ ಒಂದು ಎಳೆ ಹೋದರೆ ಒಂದು ಸಂಪರ್ಕ ಹೋಗುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಈಗ ಒಂದು ಎಳೆಯಲ್ಲಿ ಹಲವು ತಾಲ್ಲೂಕುಗಳೇ ಇರುತ್ತವೆ. ಎಳೆಯೊಳಗೆ ಬೆಳಕು ಬಿಟ್ಟು, ಮರಳಿ ಬರುವ ಬೆಳಕಿನಿಂದ ದೂರ ಅಳೆಯುವ ಓಟಿಡಿಆರ್ ಯಂತ್ರ ಹಚ್ಚಿ ತುಂಡಾದ ಜಾಗವನ್ನು ಹುಡುಕಿ, ಹೆಡ್‌ಲೈಟಿನ ಬೆಳಕಿನಲ್ಲಿ ಯಾವ ಎಳೆಯನ್ನು ಮೊದಲು ಬೆಸೆಯಬೇಕೆಂದು ಕೇಳಿದರೆ, ಕಂಟ್ರೋಲ್ ರೂಮಿನವರು ಆ ಎಳೆಯ ಸಂಖ್ಯೆಯನ್ನೇ ಮೊದಲು ಹೇಳುತ್ತಾರೆ.

ನಿವೃತ್ತ ಪ್ರಸರಣ ಇಂಜಿನಿಯರ್, ಮೈಸೂರು:

ಸಂಶೋಧಕಿಯವರ ತಿದ್ದುಪಡಿಯನ್ನು ಸಂತೋಷದಿಂದ ಒಪ್ಪಿಕೊಂಡೆ. ಬಣ್ಣಗಳು ಗಾಜಿನಲ್ಲಿ ಮಾತ್ರವಲ್ಲ, ವರ್ಧಕದಲ್ಲೂ ಒಂದನ್ನೊಂದು ಮುಟ್ಟುತ್ತವೆ ಎಂಬುದನ್ನು ನಾನು ಕಂಡುಕೊಂಡ ಒಂದು ಪ್ರಸಂಗವನ್ನು ಸೇರಿಸುತ್ತೇನೆ.

ಆರಂಭದ ವರ್ಷಗಳಲ್ಲಿ ನಮ್ಮ ಒಂದು ಮಾರ್ಗದಲ್ಲಿ ಎಂಟು ಬಣ್ಣಗಳಿದ್ದವು. ಏಳು ಒಂದು ಊರಿನ ಕಡೆಯಿಂದಲೂ ಎಂಟನೆಯದು ಇನ್ನೊಂದು ಊರಿನ ಕಡೆಯಿಂದಲೂ ಬಂದು, ನಮ್ಮ ಠಾಣೆಯಲ್ಲಿ ಕೂಡಿ ಮುಂದಕ್ಕೆ ಹೋಗುತ್ತಿದ್ದವು. ಒಂದು ಸಂಜೆ ರಸ್ತೆ ಅಗಲ ಮಾಡುತ್ತಿದ್ದ ಯಂತ್ರವೊಂದು ಏಳು ಬಣ್ಣದ ಕೇಬಲ್ಲನ್ನು ಕತ್ತರಿಸಿತು. ಆ ಏಳು ಸಂಪರ್ಕಗಳು ಹೋದದ್ದು ಸಹಜ. ಯಾವ ಗಾಯವೂ ಆಗದ ಎಂಟನೆಯ ಬಣ್ಣದಲ್ಲೂ ತಪ್ಪುಗಳ ಸುರಿಮಳೆಯಾಗಿ ಅದೂ ನಿಂತುಹೋದದ್ದು ನಮಗೆ ಅರ್ಥವಾಗಲಿಲ್ಲ. ಗ್ರಾಹಕದ ಕಾರ್ಡನ್ನು ಬದಲಿಸಿದೆವು, ಕನೆಕ್ಟರುಗಳನ್ನು ಒರೆಸಿದೆವು, ಮಧ್ಯರಾತ್ರಿಯಾಯಿತು. ಕೊನೆಗೆ ಪವರ್ ಮೀಟರ್ ಹಚ್ಚಿದಾಗ, ಆ ಬಣ್ಣ ಇರಬೇಕಾದುದಕ್ಕಿಂತ ಸುಮಾರು 9 ಡಿಬಿ, ಅಂದರೆ ಎಂಟು ಪಟ್ಟು ಬಲವಾಗಿ ಬರುತ್ತಿತ್ತು. ವರ್ಧಕದ ಪಂಪ್ ಒಂದೇ ಸಮನೆ ಸುರಿಯುತ್ತಿದ್ದ ಶಕ್ತಿಯನ್ನು ಎಂಟು ಮಂದಿ ಹಂಚಿಕೊಳ್ಳುತ್ತಿದ್ದರು. ಏಳು ಮಂದಿ ಎದ್ದುಹೋದಾಗ ಅಷ್ಟೂ ಬಡಿಸಿದ್ದು ಉಳಿದ ಒಬ್ಬನ ಎಲೆಗೇ ಬಿದ್ದಿತ್ತು, ಮತ್ತು ಗ್ರಾಹಕ ಅದನ್ನು ತಾಳಲಿಲ್ಲ. ನಾನು ಮೊದಲೇ ಪವರ್ ನೋಡಿದ್ದರೆ ಆರು ಗಂಟೆಗಳ ಕಾಲ ಆ ಊರಿನ ಫೋನು ಸತ್ತಿರುತ್ತಿರಲಿಲ್ಲ ಎಂಬ ಕೊರಗು ಇಂದಿಗೂ ಇದೆ. ನಂತರ ಬಂದ ವರ್ಧಕಗಳು ಒಳಬರುವ ಬೆಳಕನ್ನು ಅಳೆದು, ಕಣ್ಣು ಮಿಟುಕಿಸುವುದಕ್ಕಿಂತಲೂ ಬೇಗ ಪಂಪನ್ನು ತಗ್ಗಿಸುತ್ತವೆ.

ಎಲ್ಲ ಬಣ್ಣಕ್ಕೂ ಒಂದೇ ಸಮ ಬಡಿಸುವುದೂ ಎರ್ಬಿಯಂ ಕೈಯಲ್ಲಾಗುವುದಿಲ್ಲ. 1532ರ ಸುತ್ತ ಅದರ ಕೈ ಧಾರಾಳ. ಒಂದು ವರ್ಧಕದಲ್ಲಿ 1 ಡಿಬಿ ಹೆಚ್ಚುಕಡಿಮೆಯಾದರೆ ಹತ್ತನೆಯದರ ಹೊತ್ತಿಗೆ ಒಂದು ಬಣ್ಣ ಇನ್ನೊಂದರ ಹತ್ತು ಪಟ್ಟಾಗಿರುತ್ತದೆ. ಆದ್ದರಿಂದ ಪ್ರತಿ ವರ್ಧಕದೊಳಗೂ ಆ ಉಬ್ಬನ್ನು ತಟ್ಟಿ ಸಮ ಮಾಡುವ ಶೋಧಕವೊಂದಿರುತ್ತದೆ.

ವಿಜ್ಞಾನ ಶಿಕ್ಷಕಿ, ತಿಪಟೂರು:

ನಿಮ್ಮೆಲ್ಲರ ಮಾತನ್ನು ಇಟ್ಟುಕೊಂಡು ನಿನ್ನೆ ತರಗತಿಯಲ್ಲಿ ಒಂದು ಪ್ರಯೋಗ ಮಾಡಿದೆ. ಅಲಂಕಾರದ ದೀಪದಲ್ಲಿರುವ ಪ್ಲಾಸ್ಟಿಕ್ ಎಳೆಯೊಂದನ್ನು ಬಿಡಿಸಿಕೊಂಡು, ಅದರ ಒಂದು ತುದಿಗೆ ಕೆಂಪು ಮತ್ತು ಹಸಿರು ಎಲ್ಇಡಿಗಳನ್ನು ಒತ್ತಿ ಕಟ್ಟಿದೆವು. ಇನ್ನೊಂದು ತುದಿಯಲ್ಲಿ ಹಳದಿಯಂಥ ಒಂದೇ ಚುಕ್ಕೆ ಕಾಣುತ್ತಿತ್ತು. ಅದರ ಎದುರು ಹಳೆಯ ಸಿಡಿಯ ತುಂಡನ್ನು ಓರೆಯಾಗಿ ಹಿಡಿದಾಗ ಕೆಂಪು ಒಂದು ಕಡೆ, ಹಸಿರು ಇನ್ನೊಂದು ಕಡೆ ಬೇರೆಯಾಗಿ ನಿಂತವು. ಒಬ್ಬಳು ಕೆಂಪಿನ ಸ್ವಿಚ್ಚನ್ನು ಒತ್ತಿ ಬಿಟ್ಟು ತನ್ನ ಹಾಜರಿ ಸಂಖ್ಯೆಯನ್ನು ಕಳಿಸಿದಳು, ಇನ್ನೊಬ್ಬಳು ಅದೇ ಹೊತ್ತಿಗೆ ಹಸಿರಿನಿಂದ ತನ್ನದನ್ನು ಕಳಿಸಿದಳು, ಎರಡು ಗುಂಪುಗಳು ಎರಡನ್ನೂ ತಪ್ಪಿಲ್ಲದೆ ಎಣಿಸಿದವು. ತುದಿಯನ್ನು ಕಣ್ಣಿಗೆ ಹಿಡಿಯಬಾರದೆಂಬ ಶಿರಸಿಯವರ ಎಚ್ಚರಿಕೆಯನ್ನು ಹಲಗೆಯ ಮೇಲೆ ಬರೆಸಿದ್ದೆ.

ಮೊದಲು ಪ್ರಶ್ನೆ ಕೇಳಿದ ಹುಡುಗಿಯೇ ಮತ್ತೆ ಎದ್ದು, ಎರಡೂ ಹಸಿರೇ ಆಗಿದ್ದರೆ ಬೇರ್ಪಡಿಸಲು ಸಾಧ್ಯವೇ ಇಲ್ಲವೇ ಎಂದು ಕೇಳಿದ್ದಾಳೆ.

ದ್ಯುತಿವಿಜ್ಞಾನ ಸಂಶೋಧಕಿ, ಬೆಂಗಳೂರು:

ಸಾಧ್ಯವಿದೆ ಎಂದು ಆಕೆಗೆ ತಿಳಿಸಿ. ಬೆಳಕಿನ ಅಲೆಗೆ ಬಣ್ಣದ ಜೊತೆಗೆ ಕಂಪಿಸುವ ದಿಕ್ಕೂ ಇದೆ. ಒಂದು ಹಸಿರು ಮೇಲೆ ಕೆಳಗೆ, ಇನ್ನೊಂದು ಹಸಿರು ಎಡ ಬಲಕ್ಕೆ ಕಂಪಿಸುವಂತೆ ಮಾಡಿದರೆ ಎರಡೂ ಒಂದೇ ಬಣ್ಣದಲ್ಲಿದ್ದು ಬೇರೆಯಾಗಿ ಉಳಿಯುತ್ತವೆ. ಕೇಬಲ್ಲಿನ ಬಾಗು ತಿರುವುಗಳಲ್ಲಿ ಈ ದಿಕ್ಕುಗಳು ತಿರುಚಿಕೊಳ್ಳುವುದರಿಂದ ಬಹಳ ಕಾಲ ಇದು ವಾಣಿಜ್ಯ ಬಳಕೆಗೆ ಬರಲಿಲ್ಲ. ಸುಮಾರು 2010ರ ಹೊತ್ತಿಗೆ ಆ ತಿರುಚನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಬಿಡಿಸುವಷ್ಟು ವೇಗದ ಚಿಪ್ಪುಗಳು ಬಂದವು. ಅಂದಿನಿಂದ ಒಂದೇ ಬಣ್ಣದಲ್ಲಿ ಎರಡು ಕಂಪನದಿಕ್ಕು, ಪ್ರತಿ ದಿಕ್ಕಿನಲ್ಲೂ ಅಲೆಯ ಏರಿಳಿತದ ನಾಲ್ಕು ಹಂತಗಳನ್ನು (ಫೇಸ್) ಬಳಸಿ, ಒಂದು ಸಂಕೇತಕ್ಕೆ ನಾಲ್ಕು ಬಿಟ್‌ನಂತೆ ಸೆಕೆಂಡಿಗೆ ಸುಮಾರು 2,800 ಕೋಟಿ ಸಂಕೇತಗಳನ್ನು ಕಳಿಸಿ, ಬಣ್ಣವೊಂದಕ್ಕೆ 100 ಗಿಗಾಬಿಟ್ ಸಾಗಿಸುವುದು ರೂಢಿಯಾಯಿತು. ಎಂಬತ್ತು ಬಣ್ಣಕ್ಕೆ 8 ಟೆರಾಬಿಟ್. ಈಚಿನ ಯಂತ್ರಗಳಲ್ಲಿ ಇದು ಇನ್ನೂ ಮುಂದಕ್ಕೆ ಹೋಗಿದೆ.

ನಿಮ್ಮ ಪ್ಲಾಸ್ಟಿಕ್ ಎಳೆಯಲ್ಲಿ ಇದನ್ನು ತೋರಿಸಲು ಹೋಗಬೇಡಿ; ಅದರ ದಪ್ಪ ತಿರುಳಿನೊಳಗೆ ಬೆಳಕು ಸಾವಿರ ದಾರಿಗಳಲ್ಲಿ ಪುಟಿದು ಕಂಪನದ ದಿಕ್ಕು ಕಲಸಿಹೋಗುತ್ತದೆ. ಎರಡು ಟಾರ್ಚುಗಳ ಮುಂದೆ ಪೋಲರಾಯ್ಡ್ ಹಾಳೆಯ ಎರಡು ತುಂಡುಗಳನ್ನು, ಒಂದನ್ನು ನೆಟ್ಟಗೆ, ಇನ್ನೊಂದನ್ನು ಅಡ್ಡಕ್ಕೆ ಅಂಟಿಸಿ, ಅವುಗಳ ಬೆಳಕನ್ನು ಬಿಳಿ ಗೋಡೆಯ ಮೇಲಲ್ಲದೆ ಅಲ್ಯೂಮಿನಿಯಂ ಬಣ್ಣ ಬಳಿದ ಹಲಗೆಯ ಮೇಲೆ ಒಂದೇ ಜಾಗಕ್ಕೆ ಬೀಳಿಸಿ. ಮೂರನೆಯ ತುಂಡನ್ನು ಹಿಡಿದು ಆ ಹಲಗೆಯನ್ನು ನೋಡುತ್ತಾ ನಿಧಾನವಾಗಿ ತಿರುಗಿಸಲು ಆಕೆಗೇ ಹೇಳಿ. ಒಂದು ಟಾರ್ಚು ಆರಿದಂತಾಗಿ ಇನ್ನೊಂದು ಮಾತ್ರ ಉಳಿಯುವ ಕೋನವನ್ನು ಆಕೆಯೇ ಹುಡುಕಿಕೊಳ್ಳುತ್ತಾಳೆ.